ಒಂದೇ ಚಪ್ಪರದ ಹಾಲುಗಂಬ

ನನಗೂ ನನ್ನ ಓರಗಿತ್ತಿಗೂ ಒಂದೇ ದಿನ, ಒಂದೇ ಚಪ್ಪರದಡಿ, ಒಂದೇ ಮುಹೂರ್ತದಲ್ಲಿ ಮದುವೆಯಾಯಿತು. ಅಣ್ಣತಮ್ಮಂದಿರ ಮದುವೆಯನ್ನು ಒಟ್ಟಿಗೆ ಮಾಡಿದರೆ ಅಡುಗೆಯವರು, ಓಲಗದವರು, ನೆಂಟರ ಓಡಾಟ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುವುದು ನಮ್ಮ ಮಾವನವರ ಯೋಚನೆ. ದೊಡ್ಡ ಮಗನಿಗೆ ನಾನು, ಚಿಕ್ಕ ಮಗನಿಗೆ ಅವಳು. ಹಸೆಮಣೆ ಎರಡು, ತಾಳಿ ಎರಡು, ಬಾಸಿಂಗ ಎರಡು ಜೊತೆ. ಹಾಲುಗಂಬ ಮಾತ್ರ ಒಂದೇ ನೆಟ್ಟರು. ಅದೊಂದನ್ನೂ ಎರಡು ನೆಟ್ಟಿದ್ದರೆ ನನ್ನ ಬದುಕಿನ ಹತ್ತು ಹನ್ನೆರಡು ವರ್ಷ ತಣ್ಣಗೆ ಕಳೆಯುತ್ತಿತ್ತು.

ನಮ್ಮ ಕಡೆ ಮದುವೆಗೆ ಚಪ್ಪರ ಹಾಕುವ ದಿನ ಗಂಡಿನ ಸೋದರಮಾವ ಹಾಲು ಬರುವ ಮರದ ಕೊಂಬೆಯೊಂದನ್ನು ಕಡಿದು ತಂದು ಮನೆಯ ಮುಂದೆ ನೆಡಬೇಕು. ಬುಡಕ್ಕೆ ಹಾಲು ತುಪ್ಪ ಬಿಟ್ಟು, ಅರಿಶಿನದ ಬಟ್ಟೆಯಲ್ಲಿ ನವಧಾನ್ಯ ಗಂಟು ಕಟ್ಟಿ, ಮುತ್ತೈದೆಯರು ಪೂಜೆ ಮಾಡುತ್ತಾರೆ. ಅದೇ ಹಾಲುಗಂಬ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಅದನ್ನು ಕಿತ್ತು ಕೆರೆಗೆ ಬಿಡುತ್ತಾರೆ. ಗಂಡುಗಳಿಬ್ಬರಿಗೂ ಸೋದರಮಾವ ಒಬ್ಬರೇ ಆದ್ದರಿಂದ ಕಂಬವೂ ಒಂದೇ ಸಾಕೆಂದು ಹಿರಿಯರು ತೀರ್ಮಾನಿಸಿದರು. ಆ ಸೋದರಮಾವ ಬೇರೆ ಯಾರೂ ಅಲ್ಲ, ನನ್ನ ಓರಗಿತ್ತಿಯ ಅಪ್ಪ. ನಮ್ಮ ಅತ್ತೆ ತಮ್ಮ ಎರಡನೇ ಮಗನಿಗೆ ಸ್ವಂತ ಅಣ್ಣನ ಮಗಳನ್ನೇ ತಂದುಕೊಂಡಿದ್ದರು. ನಾನು ಹೊರಗಿನವಳು. ಬೆಂಗಳೂರು ದಂಡು ಪ್ರದೇಶದ ಹಲಸೂರಿನ ಗಲ್ಲಿಯಲ್ಲಿ ಬೆಳೆದವಳು, ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟವರ ಮಗಳು. ಮಹದೇವಪುರದ ಕಡೆಯ ಆ ಹಳ್ಳಿಯಲ್ಲಿ ನನಗೆ ‘ದಂಡಿನವಳು’ ಎಂದೇ ಹೆಸರು. ನಾನು ಸಿಟ್ಟು ಬಂದಾಗ ತಮಿಳಿನಲ್ಲಿ ಗೊಣಗುತ್ತೇನೆ ಎನ್ನುವುದು ಅವರಿಗೆ ಸಿಕ್ಕಿದ ದೊಡ್ಡ ತಮಾಷೆ.

ಆ ಸೋದರಮಾವ ತಂದದ್ದು ತೊಡೆ ಗಾತ್ರದ ಅತ್ತಿಯ ಕೊಂಬೆ. ಮನೆಯ ಮುಂದೆ ರಸ್ತೆಯವರೆಗೂ ಶಾಮಿಯಾನ ಎಳೆದಿದ್ದರು, ಅಡುಗೆಯ ಟೆಂಪೋ ಹೋಗಿಬರಲು ದಾರಿ ಬೇಕಿತ್ತು. ಹಾಗಾಗಿ ಕಂಬವನ್ನು ಅಂಗಳದ ಮೂಲೆಯಲ್ಲಿ, ಮುಂದಿನ ಕೋಣೆಯ ಗೋಡೆಗೆ ಒಂದು ಮಾರು ದೂರವೂ ಇಲ್ಲದಂತೆ ನೆಟ್ಟರು. ನಾಲ್ಕು ದಿನ ಇದ್ದು ಹೋಗುವ ಕಂಬ, ಎಲ್ಲಿದ್ದರೇನು ಎಂದುಕೊಂಡಿರಬೇಕು. ಆದರೆ ಚಪ್ಪರ ಬಿಚ್ಚುವ ಹೊತ್ತಿಗೆ ಬಿತ್ತನೆಯ ಕೆಲಸ ಬಂತು, ಅದರ ಹಿಂದೆಯೇ ಆಷಾಢ ಬಂತು. ಆಷಾಢದಲ್ಲಿ ಹಾಲುಗಂಬ ಕೀಳಬಾರದು ಎಂದು ಅತ್ತೆ ಹೇಳಿದರು. ಹೊಸ ಸೊಸೆಯರಿಬ್ಬರೂ ತವರಿಗೆ ಹೋದೆವು.

ಶ್ರಾವಣ ಹುಟ್ಟುತ್ತಲೇ ನಾನು ಬೆಳಿಗ್ಗೆ ಬೆಳಿಗ್ಗೆಯೇ ವಾಪಸಾದೆ. ಅಪ್ಪ ಕಟ್ಟಿಸಿಕೊಟ್ಟ ಕನಕಾಂಬರದ ದಿಂಡು ಕೈಯಲ್ಲಿತ್ತು. ಗೇಟು ದಾಟಿದ ತಕ್ಷಣ ನನಗೆ ಕಂಡದ್ದು ಕಂಬದ ತಲೆಯ ಹತ್ತಿರ ಕೆಂಪಗೆ ಮೂಡಿದ್ದ ಚಿಗುರು. ಮೊದಲು ನೋಡಿದವಳು ನಾನು. ಇದನ್ನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಒಳಗೆ ಹೋಗಿ, “ಅತ್ತೆ, ಹಾಲುಗಂಬ ಚಿಗುರಿದೆ ನೋಡಿ” ಎಂದೆ. ಅವರು ಬಂದು ನೋಡಿ, ಕೆನ್ನೆ ಕೆನ್ನೆ ಬಡಿದುಕೊಂಡು ಒಳಗೆ ಹೋದರು. ಮಧ್ಯಾಹ್ನ ನನ್ನ ಓರಗಿತ್ತಿ ಬಂದಳು. ಬಾಗಿಲಲ್ಲೇ ನಿಲ್ಲಿಸಿ ಆರತಿ ಎತ್ತಿದರು. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದರು.

“ನೋಡ್ರಮ್ಮ, ನನ್ನ ಸೊಸೆ ಬರೋ ಹೊತ್ಗೆ ಸರ್ಯಾಗಿ ಚಿಗುರೈತೆ. ನಮ್ಮಣ್ಣ ಮಗಳಿಗೆ ಅಂತ ನೆಟ್ಟಿದ್ದು, ಸುಮ್ನೆ ಹೋಗ್ತದಾ? ಇವಳ ಕಾಲ್ಗುಣ ಕಣ್ರೇ ಇದು!”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೆಳಿಗ್ಗೆಯಿಂದ ಅದೇ ಮನೆಯಲ್ಲಿದ್ದೆ. ನನ್ನ ಕಾಲು ಬೇರೆ ಎಲ್ಲೋ ಇತ್ತೇ? ಯಾರೂ ನನ್ನ ಕಡೆ ತಿರುಗಲಿಲ್ಲ. ಅಪ್ಪ ಕೊಟ್ಟ ಕನಕಾಂಬರವನ್ನು ಅತ್ತೆ ಎರಡು ತುಂಡು ಮಾಡಿ ಅರ್ಧವನ್ನು ಅವಳಿಗೆ ಮುಡಿಸಿದರು, ಉಳಿದರ್ಧವನ್ನು ಕಂಬಕ್ಕೆ ಸುತ್ತಿದರು.

ಅವತ್ತೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಬ್ಬ ಸೊಸೆ ಮನೆಗೆ ಒಳ್ಳೆಯದನ್ನು ಕಾಲಲ್ಲಿ ಹೊತ್ತು ತಂದವಳು ಎಂದು ಒಮ್ಮೆ ಬಾಯಲ್ಲಿ ಬಂದರೆ ಮುಗಿಯಿತು, ಇನ್ನೊಬ್ಬಳು ಏನು ಮಾಡಿದರೂ ಬರೀ ಕೆಲಸದವಳು. ಆ ಮನೆಯಲ್ಲಿ ಯಾರ ಮಾತಿಗೆ ಬೆಲೆ, ಯಾರ ಮಕ್ಕಳಿಗೆ ಮೊದಲ ಮುದ್ದು, ಯಾರನ್ನು ಶುಭಕಾರ್ಯಕ್ಕೆ ಮುಂದೆ ಕರೆಯುತ್ತಾರೆ ಎನ್ನುವುದೆಲ್ಲ ಆ ಕಂಬ ಯಾರದ್ದು ಎನ್ನುವುದರ ಮೇಲೆ ನಿಂತುಬಿಟ್ಟಿತು. ಕಂಬ ನನ್ನದೂ ಹೌದು. ಅಷ್ಟೇ ನನ್ನ ತಕರಾರು. ನನ್ನದೇ ಎಂದು ನಾನು ಯಾವತ್ತೂ ಹೇಳಲಿಲ್ಲ, ಆಗ.

ಚಿಗುರಿದ ಹಾಲುಗಂಬವನ್ನು ಕೀಳುವ ಮಾತೇ ಇರಲಿಲ್ಲ. ಅದು ಬೆಳೆದ ವೇಗ ನೋಡಿದರೆ ಹೆದರಿಕೆಯಾಗಬೇಕು. ಎರಡನೇ ಮಳೆಗಾಲಕ್ಕೆ ಹೆಂಚು ಮುಟ್ಟಿತು. ಮೂರನೆಯದಕ್ಕೆ ಮನೆಗಿಂತ ಎತ್ತರ. ಮುಂದಿನ ಕೋಣೆಯನ್ನು ಅತ್ತೆ ಚಿಕ್ಕವಳಿಗೆ ಬಿಟ್ಟುಕೊಟ್ಟರು. ಅವಳ ಹಾಲುಗಂಬ ಅವಳ ಕಿಟಕಿಗೇ ಕಾಣಲಿ ಎಂದು. ನಮಗೆ ಸಿಕ್ಕಿದ್ದು ಹಿಂದಿನ ಕೋಣೆ. ಮುಂದೆ ಹಿತ್ತಲಲ್ಲಿ ಬಾಡಿಗೆ ಕೋಣೆಗಳೆದ್ದ ಮೇಲೆ ಅದರ ಕಿಟಕಿ ತೆಗೆದರೆ ಬಾಡಿಗೆಯವರ ಬಚ್ಚಲ ಸಾಲು. ನಾನು ಆ ಕಿಟಕಿಗೆ ದಪ್ಪ ಪರದೆ ಹಾಕಿ ಕೂತೆ.

ಮರ ಬೆಳೆದಂತೆ ಮನೆಗೆ ಏನೇನು ಒಳ್ಳೆಯದಾಯಿತೋ ಎಲ್ಲವೂ ಅದರ ಖಾತೆಗೆ ಹೋಯಿತು. ಬೋರ್‌ವೆಲ್ ಕೊರೆಸಿದರು, ನೀರು ಬಂತು: ಚಿಕ್ಕವಳ ಕಾಲ್ಗುಣ. ರಿಂಗ್ ರೋಡು ಬಂತು, ರಾಗಿ ಹೊಲ ಸೈಟುಗಳಾಯಿತು: ಚಿಕ್ಕವಳ ಕಾಲ್ಗುಣ. ಸರ್ಕಾರ ರಸ್ತೆ ಎಳೆದದ್ದು ನನ್ನ ಓರಗಿತ್ತಿಯ ಮುಖ ನೋಡಿಕೊಂಡು ಎನ್ನುವ ಹಾಗೆ ಮಾತಾಡುತ್ತಿದ್ದರು. ಮೈದುನ ಕಂಪನಿಗಳಿಗೆ ಗಾಡಿ ಬಿಟ್ಟು ನಾಲ್ಕು ಕಾಸು ಕಂಡ. ಹಿತ್ತಲಲ್ಲಿ ಬಾಡಿಗೆ ಕೋಣೆಗಳನ್ನು ಎಬ್ಬಿಸಿದರು. ನನ್ನ ಗಂಡ ಕಾರ್ಖಾನೆಯಲ್ಲಿ ಪರೀಕ್ಷೆ ಬರೆದು ಪಾಸು ಮಾಡಿ ಸೂಪರ್‌ವೈಸರ್ ಆದರು. ಅದಕ್ಕೂ ಅತ್ತೆ ಮರಕ್ಕೆ ಕಾಯಿ ಒಡೆದರು. ಅದೂ ಚಿಕ್ಕವಳ ಕೈಯಲ್ಲಿ. ಆ ಪರೀಕ್ಷೆಗೆ ಅವರು ಓದುವಾಗ ಟೀ ಕಾಯಿಸಿ ಕೊಟ್ಟವಳು ನಾನು.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ದುಂಡಗೆ, ಬೆಳ್ಳಗೆ, ಯಾವಾಗಲೂ ನಗು. “ಅಕ್ಕಾ, ಅಕ್ಕಾ” ಎಂದು ಹಿಂದೆ ಹಿಂದೆ ಬರುತ್ತಿದ್ದಳು. ಅಮಾವಾಸ್ಯೆ, ಶುಕ್ರವಾರ ಬಂದರೆ ಮರಕ್ಕೆ ದಾರ ಸುತ್ತಿ, ದೀಪ ಹಚ್ಚಿ, ಮನೆಗೆ ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದಳು. ನನಗೂ ಕೊಡುತ್ತಿದ್ದಳು. ನನ್ನ ಮದುವೆಯ ಕಂಬದ ಕುಂಕುಮವನ್ನು ನನಗೇ ನೆಂಟರಿಗೆ ಕೊಟ್ಟ ಹಾಗೆ ಕೊಡುವುದನ್ನು ಕೈಯೊಡ್ಡಿ ತೆಗೆದುಕೊಳ್ಳುವಾಗ ಮೈಯೆಲ್ಲ ಉರಿಯುತ್ತಿತ್ತು. ಮರಕ್ಕೆ ಅವಳು ವಾರಕ್ಕೊಂದು ಲೋಟ ಹಾಲು ಹಾಕಿದರೆ, ನನ್ನ ಅಡುಗೆಮನೆಯ ಮುಸುರೆ ನೀರಿನ ಮೋರಿ ದಿನಾ ಹರಿಯುತ್ತಿದ್ದದ್ದು ಅದರ ಬುಡಕ್ಕೇ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಪಾತ್ರೆ ತೊಳೆದ ನೀರು. ಅದನ್ನು ಸಾಕಿದವಳು ಯಾರು ಎಂದು ಯಾರಾದರೂ ಕೇಳಿದ್ದರೆ ಉತ್ತರ ನನ್ನ ಬಾಯ ತುದಿಯಲ್ಲೇ ಇತ್ತು.

ಗಂಡನ ಹತ್ತಿರ ಒಮ್ಮೆ ಬಾಯಿ ಬಿಟ್ಟೆ. ಅವರು ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಿದ್ದರು.

“ಒಂದು ಮರಕ್ಕೆ ಇಷ್ಟೊಂದು ತಲೆ ಕೆಡಿಸ್ಕೊಂಡ್ರೆ ಹೆಂಗೆ?” ಎಂದರು.

“ನೀವೂ ಅದೇ ಕಂಬದ ಮುಂದೆ ತಾನೇ ಹಸೆಗೆ ಕೂತಿದ್ದು? ನಿಮ್ಗೆ ಏನೂ ಅನ್ಸಲ್ವಾ?”

“ಅನ್ಸುತ್ತೆ. ಎಲೆ ಉದುರಿ ಸಂಪು ತುಂಬ್ಕೊಳ್ತಿದೆ ಅಂತ ಅನ್ಸುತ್ತೆ” ಎಂದು ಮುದ್ದೆ ಮುರಿದರು.

ಗಂಡಸರಿಗೆ ಇಂಥದ್ದು ಹೇಳಿ ಪ್ರಯೋಜನವಿಲ್ಲ ಎಂದು ತಟ್ಟೆಗೆ ಸಾರು ಬಡಿಸಿದೆ.

ಒಂದೇ ಒಂದು ಸಲ ಆ ಮರ ಕೆಲವು ದಿನ ನನ್ನದಾಗಿತ್ತು. ಹಿತ್ತಲಿನ ಬಾಡಿಗೆ ಕೋಣೆಗೆ ಕಲಬುರಗಿ ಕಡೆಯ ಗಂಡ ಹೆಂಡತಿ ಹೊಸದಾಗಿ ಬಂದಿದ್ದರು. ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಆ ವೇಳೆಗೆ ಮರ ಕಾಂಡದ ಮೈತುಂಬ ಗೊಂಚಲು ಗೊಂಚಲು ಕಾಯಿ ಬಿಟ್ಟಿತ್ತು. ಆ ಹೆಂಗಸು ಬೆರಗಿನಿಂದ ನೋಡುತ್ತ, “ಭಾಳ ಛಂದ ಅದರಿ ಅಕ್ಕಾ ಗಿಡ. ಯಾರು ಹಚ್ಯಾರ್ರಿ?” ಎಂದು ಕೇಳಿದಳು. ಅಕ್ಕಪಕ್ಕ ಯಾರೂ ಇರಲಿಲ್ಲ. “ನನ್ನ ಮದುವೆಯ ಹಾಲುಗಂಬ” ಎಂದುಬಿಟ್ಟೆ. ಅವಳು ತಟ್ಟನೆ ಬಗ್ಗಿ ನನ್ನ ಕಾಲು ಮುಟ್ಟಿದಳು. ಮದುವೆಯ ಕಂಬ ಇಷ್ಟೆತ್ತರ ಬೆಳೆಯಬೇಕಾದರೆ ಈ ತಾಯಿ ಎಂಥವಳಿರಬೇಕು ಎನ್ನುವ ಭಾವ ಅವಳ ಮುಖದಲ್ಲಿತ್ತು. ಆ ಮೇಲೆ ದಿನಾ ಸಂಜೆ ಕೆಲಸದಿಂದ ಬಂದವಳು ನನ್ನನ್ನು ಮಾತಾಡಿಸಿಯೇ ಒಳಗೆ ಹೋಗುತ್ತಿದ್ದಳು. ನಾನೂ ತಲೆ ಬಾಚಿ ಹೂ ಮುಡಿದು ಅವಳು ಬರುವ ಹೊತ್ತಿಗೆ ಹೊರಗೆ ನಿಲ್ಲತೊಡಗಿದೆ. ಒಂದು ಶುಕ್ರವಾರ ಅವಳು ಕಾಯಿ ಕರ್ಪೂರ ತಂದು, “ಅಕ್ಕಾರ, ನಿಮ್ಮ ಗಿಡಕ್ಕ ನೀವೇ ಬೆಳಗಿ ನನ್ನ ಉಡಿ ತುಂಬ್ರಿ” ಎಂದು ಕೇಳಿಕೊಂಡಳು. ನಾನು ಕರ್ಪೂರಕ್ಕೆ ಕಡ್ಡಿ ಗೀರುವ ಹೊತ್ತಿಗೆ ಅತ್ತೆ ಜಗುಲಿಗೆ ಬಂದರು.

“ಅವಳ್ದಲ್ಲ ಕಣಮ್ಮ. ಮರ ನಮ್ಮ ಚಿಕ್ಕವಳ್ದು. ತಡಿ, ಕರೀತೀನಿ.”

ಕರೆದರು. ಅವಳು ಕೈ ತೊಳೆದುಕೊಂಡು ನಗುತ್ತ ಬಂದಳು. ನನ್ನ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಂಡಳು. ಆ ಬಾಡಿಗೆಯ ಹೆಂಗಸು ನನ್ನ ಮುಖವನ್ನು ನೋಡಲಾಗದೆ ನೆಲ ನೋಡಿದಳು. ಅವತ್ತು ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಒಳಗೆ ಬಂದು ಕುಕ್ಕರಿನ ಮೇಲೆ, ತಟ್ಟೆಗಳ ಮೇಲೆ, ಹಲಸೂರಿನ ತಮಿಳಿನಲ್ಲಿ ನನ್ನ ಸಿಟ್ಟನ್ನೆಲ್ಲ ತೀರಿಸಿಕೊಂಡೆ.

ಮರ ಯಾರದ್ದಾದರೇನು, ಅದರ ಬೇರಿಗೆ ಅದೆಲ್ಲ ಗೊತ್ತಿರಲಿಲ್ಲ. ಅದು ಮೊದಲು ಮೋರಿಯೊಳಗೆ ಹೊಕ್ಕಿತು. ಆಮೇಲೆ ಸಂಪಿನ ಗೋಡೆ ಸೀಳಿತು. ನೀರು ತುಂಬಿಸಿಟ್ಟರೆ ಬೆಳಗಾಗುವುದರಲ್ಲಿ ಅರ್ಧ ಮಾಯ. ಹಣ್ಣು ಉದುರಿ ಅಂಗಳವೆಲ್ಲ ಜಿಗುಟು. ನೊಣ, ಇರುವೆ, ಬಾವಲಿ. ಕಾಲಿಟ್ಟಲ್ಲಿ ಪಚಕ್. ಗುಡಿಸುವುದು ಮಾತ್ರ ನನ್ನ ಪಾಲಿಗಿತ್ತು, ಅದರಲ್ಲಿ ಯಾರೂ ಹಕ್ಕು ಕೇಳಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ, ಒಂದು ಜೋರು ಮಳೆಗಾಲದಲ್ಲಿ, ಮುಂದಿನ ಕೋಣೆಯ ಗೋಡೆ ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟು. ಮಳೆ ನಿಲ್ಲುವಷ್ಟರಲ್ಲಿ ಬೆರಳು ಹೋಗುವಷ್ಟು. ಅವರ ಕೋಣೆಯ ಬಾಗಿಲು ಹಾಕಲು ಬರದ ಹಾಗೆ ಚೌಕಟ್ಟು ಓರೆಯಾಯಿತು.

ನನಗೆ ಸಂತೋಷವಾಯಿತು. ಮುಚ್ಚುಮರೆ ಯಾಕೆ? ಅವಳು ಆ ಬಿರುಕಿಗೆ ಹಳೇ ಸೀರೆ ತುರುಕುವುದನ್ನು ನೋಡಿ ಒಳಗೊಳಗೇ ಕುಣಿದೆ.

ಮೈದುನ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಪಾಯದ ಪಕ್ಕ ಅಗೆದು ನೋಡಿ, ಬೇರು ಪಾಯದ ಕಲ್ಲನ್ನೇ ಎತ್ತಿದೆ, ಇನ್ನೊಂದು ಮಳೆಗಾಲ ತಡೆಯುವುದಿಲ್ಲ, ಮರ ಇಲ್ಲವೇ ಕೋಣೆ, ಯಾವುದಾದರೂ ಒಂದು ಎಂದ. ಕಡಿಯಲು ಬೇಕಾದ ಅನುಮತಿಯನ್ನು ಮೈದುನ ಓಡಾಡಿ ತಂದ. ಆದರೆ ಚಿಗುರಿದ ಹಾಲುಗಂಬಕ್ಕೆ ಕೊಡಲಿ ಹಾಕುವುದು ಹೇಗೆ? ಅತ್ತೆ ಊರಿನ ಹಿರಿಯರನ್ನು ಕೇಳಿಕೊಂಡು ಬಂದರು. ಕೂಲಿಯವರು ಸುಮ್ಮನೆ ಕಡಿಯುವಂತಿಲ್ಲ. ಅದು ಯಾರ ಮದುವೆಯ ಕಂಬವೋ ಆ ಮುತ್ತೈದೆ ಅರಿಶಿನ ಹಚ್ಚಿ, ತಪ್ಪಾಯಿತು ಎಂದು ಕೇಳಿಕೊಂಡು, ಮೊದಲ ಏಟು ತಾನೇ ಹಾಕಬೇಕು. ಅದರಿಂದ ಏನಾದರೂ ಕೇಡು ಬಂದರೆ ಅದು ಅವಳ ತಾಳಿಗೆ. ಹೀಗೆ ಹೇಳಿದರಂತೆ.

ಆ ಮಾತು ಕೇಳಿದ ಮೇಲೆ ಓರಗಿತ್ತಿಯ ಮುಖದಲ್ಲಿ ಅಷ್ಟು ವರ್ಷದ ನಗು ಇರಲಿಲ್ಲ. ಸಂಜೆಯ ದೀಪ ಹಚ್ಚಲು ಅವಳು ಮರದ ಹತ್ತಿರ ಹೋಗಲೇ ಇಲ್ಲ.

ಮರುದಿನ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ. ಅತ್ತೆ ಅಡುಗೆಮನೆಗೆ ಬಂದು, ನನ್ನ ಪಕ್ಕದಲ್ಲೇ ಕೂತು, ತಾವೂ ಸೊಪ್ಪಿಗೆ ಕೈ ಹಾಕಿದರು. ಇಷ್ಟು ವರ್ಷದಲ್ಲಿ ಅದು ಮೊದಲು.

“ಏನಮ್ಮ, ಒಂದೇ ಮುಹೂರ್ತ ಅಂದ್ರೂ ದೊಡ್ಡೋನ ತಾಳಿನೇ ತಾನೇ ಮೊದ್ಲು ಕಟ್ಟಿಸಿದ್ದು?”

“ಹೌದು ಅತ್ತೆ.”

“ಹಂಗಂದ್ಮೇಲೆ ಕಂಬ ಮೊದ್ಲು ನಿಂದೇ ಅಲ್ವಾ? ಹಿರೇ ಸೊಸೆ ನೀನು. ನಾನೂ ಯೋಚ್ನೆ ಮಾಡ್ದೆ. ಮರ ನಿಂದೇ ಕಣಮ್ಮ.”

ಬೆಣ್ಣೆ ಹಚ್ಚಿದ ಹಾಗಿತ್ತು ದನಿ. ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ನೀರು ಬಂದಾಗ ಚಿಕ್ಕವಳದ್ದು, ಸೈಟು ಬಂದಾಗ ಚಿಕ್ಕವಳದ್ದು, ಕೇಡು ಬರುವಾಗ ನನ್ನದು. ಅಣ್ಣನ ಮಗಳ ತಾಳಿ ಗಟ್ಟಿಯಾಗಿರಬೇಕು. ದಂಡಿನವಳದ್ದು ಏನಾದರೂ ಆಗಲಿ. ಆ ತಾಳಿ ಕಟ್ಟಿದವನು ತಾವೇ ಹೆತ್ತ ಮಗ ಎನ್ನುವುದೂ ಆ ಹೆಂಗಸಿಗೆ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ‘ಮರ ನಿಂದೇ’ ಎನ್ನುವ ಮಾತು ಕಿವಿಗೆ ಬಿದ್ದಾಗ ಸೊಪ್ಪಿನ ಬದಲು ಕಡ್ಡಿಯನ್ನು ಪಾತ್ರೆಗೆ ಹಾಕಿದೆ. ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

“ಇಲ್ಲಿ ಹೇಳಿದ್ರೆ ಆಗಲ್ಲ ಅತ್ತೆ. ಎಲ್ರ ಮುಂದೆ ಹೇಳ್ಬೇಕು. ನಿಮ್ಮಣ್ಣನೂ ಬಂದು ಹೇಳ್ಬೇಕು, ಕಂಬ ನೆಟ್ಟೋರು ಅವ್ರು.”

ವಿಷಯ ಕೇಳಿ ಗಂಡನಿಗೆ ಅಪರೂಪಕ್ಕೆ ಸಿಟ್ಟು ಬಂತು. “ನಿನ್ನನ್ನ ಮುಂದೆ ನೂಕ್ತಿದಾರೆ, ಗೊತ್ತಾಗಲ್ವಾ? ನಂದಲ್ಲ ಅಂದ್ಬಿಡು, ಮುಗೀತು.”

“ಗೊತ್ತು.”

“ಮತ್ತೆ?”

“ನಿಮ್ಗೆ ಹೆದ್ರಿಕೆನಾ?”

“ನಂಗೇನು ಹೆದ್ರಿಕೆ. ಮರ ಕಡಿದ್ರೆ ಯಾರೂ ಸಾಯಲ್ಲ.”

ಅವರಿಗೆ ಹೆದರಿಕೆಯಿಲ್ಲ, ನಿಜ. ನನಗಿತ್ತು. ಕಡಿಯಲು ಗೊತ್ತು ಮಾಡಿದ ಭಾನುವಾರದವರೆಗಿನ ಮೂರು ದಿನವೂ ಅವರು ಸ್ಕೂಟರ್ ಹತ್ತಿ ಕಾರ್ಖಾನೆಗೆ ಹೊರಟಾಗ ಗೇಟಿನವರೆಗೆ ಹೋಗಿ, ತಿರುವಿನಲ್ಲಿ ಕಾಣೆಯಾಗುವವರೆಗೆ ನಿಂತಿದ್ದೆ. ನಂದಲ್ಲ ಎನ್ನಬಹುದಿತ್ತು. ಒಂದು ಮಾತು. ಅಂದುಬಿಟ್ಟರೆ ಮರ ಮತ್ತೆ ಅವಳದ್ದಾಗುತ್ತದೆ, ಸತ್ತ ಮೇಲೂ ಅವಳದ್ದಾಗಿಯೇ ಇರುತ್ತದೆ. ಅದನ್ನು ನೆನೆದರೆ ಹೆದರಿಕೆಗಿಂತ ಉರಿಯೇ ಹೆಚ್ಚಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸೇರಿದರು. ನೆಂಟರು, ಅಕ್ಕಪಕ್ಕದವರು, ಹಿತ್ತಲಿನ ಬಾಡಿಗೆಯವರು. ಹಗ್ಗ, ಗರಗಸ ಹಿಡಿದ ಕೂಲಿಯವರು ಗೇಟಿನ ಹೊರಗೆ ಬೀಡಿ ಸೇದುತ್ತ ಕಾದಿದ್ದರು. ಮರ ದೊಡ್ಡ ಸೊಸೆಯದು ಎಂದು ಅತ್ತೆ ಹೇಳಿದರು. ಆಮೇಲೆ ತಮ್ಮ ಅಣ್ಣನ ಕಡೆ ನೋಡಿದರು. ಆ ಮುದುಕ ಮರವನ್ನೊಮ್ಮೆ ನೋಡಿ, ಮಗಳನ್ನೊಮ್ಮೆ ನೋಡಿ, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು, “ದೊಡ್ಡವಳ್ದೇ. ದೊಡ್ಡೋನ ಹೆಸ್ರೇಳೇ ನೆಟ್ಟಿದ್ದು” ಎಂದರು. ಜನ ತಲೆಯಾಡಿಸಿದರು. ಇಷ್ಟು ವರ್ಷ ಬೇರೆ ಹೇಳಿಕೊಂಡು ತಿರುಗಿದವರೂ ತಲೆಯಾಡಿಸಿದರು.

ನಾನು ಮದುವೆಯ ಧಾರೆ ಸೀರೆ ಉಟ್ಟಿದ್ದೆ. ಬೇಡ ಎಂದು ಯಾರೋ ಹೇಳಿದ್ದರು, ಕೇಳಲಿಲ್ಲ. ಮರದ ಬುಡಕ್ಕೆ ಹೋಗಿ ಕೈ ಸುತ್ತಿದರೆ ನನ್ನ ಎರಡು ತೋಳು ಸೇರಲಿಲ್ಲ. ಕಾಂಡಕ್ಕೆ ಅರಿಶಿನ ಬಳಿದೆ, ಕುಂಕುಮ ಇಟ್ಟೆ. ಅಲ್ಲಿ ಅವಳು ಹಚ್ಚಿದ್ದ ಹಳೆಯ ಕುಂಕುಮದ ಕಲೆಗಳಿದ್ದವು. ಅವುಗಳ ಮೇಲೆಯೇ ಒತ್ತಿ ಒತ್ತಿ ಇಟ್ಟೆ. ಆರತಿ ಎತ್ತಿದೆ. ಹಿಂದೆ ನಿಂತಿದ್ದ ಅತ್ತೆ ಕೈಮುಗಿದು, ನನಗೂ ಕೇಳುವಂತೆಯೇ, “ಬರೋದೆಲ್ಲ ಇವಳ ಪಾಲಿಗಿರ್ಲಿ ತಾಯಿ, ನಮ್ಮ ಚಿಕ್ಕವಳನ್ನ ಮುಟ್ಬೇಡ” ಎಂದು ಬೇಡಿಕೊಂಡರು. ಪಕ್ಕದಲ್ಲಿದ್ದ ನನ್ನ ಗಂಡ ಆ ಮಾತು ಕೇಳಿ ತಾಯಿಯ ಮುಖ ನೋಡಿದರು. ಅವರು ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಕೊಡಲಿ ತೆಗೆದುಕೊಂಡೆ. ಎತ್ತುವಷ್ಟರಲ್ಲಿ ಕಾವಿನ ಮೇಲೆ ಇನ್ನೊಂದು ಕೈ ಬಿತ್ತು. ದುಂಡನೆಯ, ಹಸಿರು ಬಳೆಯ ಕೈ. ಜನರ ಮಧ್ಯದಿಂದ ಅವಳು ಬಂದು ನನ್ನ ಪಕ್ಕದಲ್ಲಿ ನಿಂತಿದ್ದಳು. ಅತ್ತೆ ಹಿಂದಿನಿಂದ “ಬ್ಯಾಡ ಕಣೇ, ಬಾ ಈ ಕಡೆ” ಎಂದು ಕೂಗುತ್ತಿದ್ದರು. ಅವಳು ತಿರುಗಲಿಲ್ಲ. ಕಣ್ಣ ತುಂಬ ನೀರು.

“ಅಕ್ಕಾ, ನಾನೂ ಹಿಡ್ಕೋತೀನಿ. ಒಂದೇ ಚಪ್ಪರದಲ್ಲಿ ಮದ್ವೆ ಆದೋರು ನಾವು. ಕಂಬ ಇಬ್ರದ್ದೂ. ಬರೋದೇನಿದ್ರೂ ಇಬ್ರಿಗೂ ಬರ್ಲಿ.”

ಈ ಮಾತನ್ನು ಅವಳು ಅದಕ್ಕೂ ಮುಂಚೆ ಯಾವ ವರ್ಷ ಹೇಳಿದ್ದರೂ ನಾನು ಕರಗಿ ಅವಳನ್ನು ತಬ್ಬಿಕೊಳ್ಳುತ್ತಿದ್ದೆ. ಅವಳು ಮನಸಾರೆ ಹೇಳುತ್ತಿದ್ದಾಳೆಂದು ಗೊತ್ತಿತ್ತು. ತಾಳಿಯ ಭಯ ಬಿಟ್ಟು ಬಂದಿದ್ದಳು. ಆದರೆ ಮರ ನನ್ನದಾಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಅಷ್ಟರಲ್ಲೇ ಅದರಲ್ಲಿ ಅರ್ಧ ಕೇಳಲು ಬಂದಿದ್ದಳು.

“ಕೈ ತೆಗಿ” ಎಂದೆ.

“ಅಕ್ಕಾ...”

“ಮರ ನಂದು, ಕೈ ತೆಗಿ.”

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೊಡಲಿಯನ್ನು ತಲೆಯ ಮೇಲಕ್ಕೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ.